ಸಾಹೇಬರ ಸಹಿಗೆ ಈಬತ್ತಿ

ಪರ್ರ್... ಬಟ್ಟೆ ಹರಿಯುವ ಸದ್ದು. ಅಂಚಿಗೆ ಕತ್ತರಿ ತಾಗಿಸಿ, ಎರಡೂ ಕೈಯಲ್ಲಿ ಹಿಡಿದು ಎಳೆದರೆ ನೂಲಿನ ಗುಂಟ ನೆಟ್ಟಗೆ ಹರಿದು ಬರುತ್ತಿತ್ತಲ್ಲ, ಆ ಸದ್ದನ್ನು ನೀವು ಕೇಳಿ ಎಷ್ಟು ಕಾಲವಾಯಿತು? ಮೊನ್ನೆ ಸೊರಬದ ಪೇಟೆಯಲ್ಲಿ ಲೈನಿಂಗ್ ಬಟ್ಟೆ ಕೇಳಿದರೆ ಅಂಗಡಿಯಾತ ಸರ್ರನೆ ಕತ್ತರಿ ಓಡಿಸಿ ಕೊಟ್ಟುಬಿಟ್ಟ. ಏನೋ ಕಳೆದುಕೊಂಡಂತಾಯಿತು. ಮನೆಗೆ ಬಂದವಳೇ ಕಪಾಟಿನಿಂದ ಶಿಕಾರಿಪುರದ ಮಾವನ ಆಲ್ಬಮ್ ಇಳಿಸಿಕೊಂಡು ಕೂತೆ. ಮಾವ ಹೋದ ಮೇಲೆ ಅತ್ತೆ, "ಓದಾಕೆ ಬರೋಳು ನೀನೊಬ್ಬಳೇ, ಇಟ್ಕಾ" ಎಂದು ನನ್ನ ಮಡಿಲಿಗೆ ಹಾಕಿದ್ದು ಅದು.

ಮಾವ ಎಂದರೆ ನನ್ನ ಯಜಮಾನರ ಸೋದರಮಾವ. ಶಿಕಾರಿಪುರದಲ್ಲಿ ಬಟ್ಟೆ ಅಂಗಡಿ. ದಿನವಿಡೀ ಪರ್ರ್ ಪರ್ರ್ ಎಂದು ಥಾನು ಹರಿಯುವ ಈ ಮನುಷ್ಯ, ಮುಂಬಯಿಯಿಂದ ರಿಜಿಸ್ಟರ್ಡ್ ಲಕೋಟೆ ಬಂದರೆ ಮಾತ್ರ ಕೈ ತೊಳೆದುಕೊಂಡು, ಬ್ಲೇಡಿನಿಂದ ಅದರ ಅಂಚನ್ನು ಸದ್ದಿಲ್ಲದೆ ಬಿಡಿಸುತ್ತಿದ್ದರು. ಒಳಗಿರುತ್ತಿದ್ದುದು ಯಾವನೋ ಬ್ರಿಟಿಷ್ ಮಂತ್ರಿಯೋ ಪಾರ್ಲಿಮೆಂಟ್ ಮೆಂಬರೋ ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದ ಹಳೆಯ ಪತ್ರ. ಜವಳಿ ಖರೀದಿಗೆ ಅಲ್ಲಿಗೆ ಹೋದಾಗ ಹಳೇ ಕಾಗದಗಳ ವ್ಯಾಪಾರಿಯೊಬ್ಬ ಪರಿಚಯವಾಗಿದ್ದನಂತೆ. ಹಾಬಿ ಎಂದರೆ ಸ್ಟಾಂಪು, ಹೆಚ್ಚೆಂದರೆ ನಾಣ್ಯ ಎಂದುಕೊಂಡಿದ್ದ ನನಗೆ ಇದು ಕಂಪ್ಲೀಟ್ಲಿ ಅಬ್ಸರ್ಡ್ ಅನ್ನಿಸಿತ್ತು. ಅದೂ ಈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ! ಊರು ಬ್ರಿಟಿಷರ ವಿರುದ್ಧ ಎದ್ದಾಗ ಅವರ ಸ್ವಂತ ಅಣ್ಣ ಜೈಲು ಕಂಡವರು. ಬಿಡುಗಡೆಯಾಗಿ ಬಂದರೂ ಆ ದಿನಗಳ ಬಗ್ಗೆ ತುಟಿ ಬಿಚ್ಚದೆಯೇ ತೀರಿಕೊಂಡವರು.

ಅತ್ತೆ ಸುಮ್ಮನಿರುತ್ತಾರೆಯೇ? "ನಿಮ್ಮಣ್ಣನ್ನ ಜೈಲಿಗೆ ಹಾಕಿದೋರ ಸೈನು ಇಟ್ಕಂಡು ಏನು ಉಪ್ಪಿನಕಾಯಿ ಹಾಕ್ತೀರ್ರೀ?"

"ಅವರೇನು ಬರ್ಕಂಡಾರೆ ನೋಡಬೇಕಲ್ಲೇ. ಇಲ್ಲಿ ನಮ್ಮೋರು ಇಷ್ಟೆಲ್ಲ ಪಟ್ಟಿದ್ದು ಅಲ್ಲಿ ಒಬ್ಬನಿಗಾದ್ರೂ ಗೊತ್ತಾತೋ ಇಲ್ಲೋ."

ಅಷ್ಟೇ ಮಾವನಿಗೆ ಬೇಕಾಗಿದ್ದುದು. ಅಣ್ಣ ಹೇಳದೆ ಹೋದದ್ದಕ್ಕೆ ಸಾಕ್ಷಿಯಾಗಿ ಎದುರು ಪಕ್ಷದವರೇ ಬರೆದ ಒಂದೇ ಒಂದು ಸಾಲು.

ಮಾವನಿಗೆ ಇಂಗ್ಲಿಷ್ ಎಂದರೆ ಬಟ್ಟೆಯ ಮೂಟೆಗಳ ಮೇಲಿನ ಅಚ್ಚು ಅಕ್ಷರಗಳು ಮಾತ್ರ. ನಾನು ಶಿವಮೊಗ್ಗದ ಕಾನ್ವೆಂಟಿನವಳು. ಸಿಸ್ಟರುಗಳು ಬೆರಳ ಗಿಣ್ಣಿಗೆ ಸ್ಕೇಲಿನಲ್ಲಿ ಕೊಟ್ಟು ಕಲಿಸಿದ ಕರ್ಸಿವ್ ಮದುವೆಯಾದ ಮೇಲೆ ಉಪಯೋಗಕ್ಕೆ ಬಂದಿದ್ದು ಇದೊಂದಕ್ಕೆ. ಲಕೋಟೆ ಬಂತೆಂದು ತಿಳಿದರೆ ಸೊರಬದಿಂದ ಬಸ್ಸು ಹತ್ತುತ್ತಿದ್ದೆ. ಕುತೂಹಲ ನನಗೇನು ಕಡಿಮೆಯೇ? ಆದರೆ ಪತ್ರದೊಳಗೆ ಒಬ್ಬನಿಗೆ ನೆಗಡಿ, ಡಿನ್ನರಿಗೆ ಬರಲಾರ. ಇನ್ನೊಬ್ಬ ಕಳಿಸಿದ ಸೇಬಿಗೆ ಥ್ಯಾಂಕ್ಸ್ ಹೇಳುತ್ತಾನೆ. ಅರ್ಧ ಜಗತ್ತನ್ನು ಆಳಿದವರಿಗೆ ಇಷ್ಟು ಮಾಮೂಲಿ ಮೂಗು, ಇಷ್ಟು ಮಾಮೂಲಿ ನಾಲಿಗೆ!

"ಹಿಂದೂಸ್ಥಾನ ಅಂತ ಎಲ್ಲಾದ್ರೂ ಐತೇನವ್ವಾ?"

"ಇಲ್ಲ ಮಾವ. ಸೇಬು ಮಾತ್ರ ಇದೆ."

"ಇರ್ಲಿ, ಮುಂದಿನದ್ರಾಗೆ ನೋಡಣ."

ಒಂದು ದೀಪಾವಳಿಯ ಕಥೆ ಹೇಳಲೇಬೇಕು. ವ್ಯಾಪಾರದ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಲೆಕ್ಕದ ಪುಸ್ತಕಗಳನ್ನಿಟ್ಟು ವಿಭೂತಿ, ಕುಂಕುಮ ಹಚ್ಚುವುದು ನಿಮಗೆ ಗೊತ್ತು. ಅತ್ತೆ ಈ ಪತ್ರಗಳನ್ನೂ ಸಾಲಾಗಿ ಹರಡಿ, ಒಂದೊಂದಕ್ಕೂ ಒದ್ದೆ ಬೆರಳಲ್ಲಿ ಮೂರು ಪಟ್ಟೆ ಎಳೆದುಬಿಟ್ಟಿದ್ದರು. ಮಂತ್ರಿಯೊಬ್ಬನ ಸಹಿ ಕದಡಿ ನೀಲಿ ಮೋಡವಾಗಿತ್ತು. "ಓ ಮೈ ಗಾಡ್!" ಎಂದು ನಾನು ಚೀರಿದೆ.

"ಅಂಗಡಿ ಕಾಗದಕ್ಕೆಲ್ಲ ಈಬತ್ತಿ ಹಚ್ಚಿದೆ. ಇವನ್ನ ಬಿಟ್ಟಿದ್ರೆ ಮುನಿಸ್ಕಂಬೋರು ನೀವೇ," ಎಂದರು ಅತ್ತೆ ಗಂಡನ ಕಡೆ ನೋಡಿ.

ಮಾವ ಆ ನೀಲಿ ಮೋಡವನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ನಮ್ಮನಿಗೆ ಬಂದ ಮ್ಯಾಲೆ ನಮ್ಮ ಪದ್ಧತಿ, ಬಿಡು" ಎಂದರು. ಈಬತ್ತಿ ಬಿದ್ದ ಇವನ್ನು ಇನ್ನು ಕೊಳ್ಳುವವರು ಮೂಸಿಯೂ ನೋಡುವುದಿಲ್ಲ ಎಂದು, ವಿಷಯ ತಿಳಿದ ಮುಂಬಯಿಯ ವ್ಯಾಪಾರಿ ಬರೆದಾಗ ಅವರಿಗೆ ನಗು.

ಕೊನೆಗೊಂದು ದಿನ, ಈಸೂರು ಎದ್ದ ಆ ವರ್ಷದ್ದೇ ಪತ್ರ ಬಂತು. ಇಸವಿಯ ಅಂಕಿಗಳನ್ನು ಮಾವ ತಾವೇ ಗುರುತು ಹಿಡಿದು ಹೇಳಿ ಕಳಿಸಿದ್ದರು. ನಾನು ಹೋಗುವಷ್ಟರಲ್ಲಿ ಅಂಗಡಿಯ ಬಾಗಿಲು ಅರ್ಧ ಎಳೆದು ಕಾಯುತ್ತಿದ್ದರು. ಓದಿದೆ. ಗುಲಾಬಿ ಗಿಡ ಸವರುವ ಕಾಲ ಬಂದಿದೆ. ನಾಯಿಯ ಕಾಲು ವಾಸಿಯಾಗಿದೆ. ಮಾವ ಕಣ್ಣು ಮುಚ್ಚಿಕೊಂಡಿದ್ದರು. ಗುಲಾಬಿಗೂ ನಾಯಿಗೂ ನಡುವೆ ಒಂದು ಈಸೂರನ್ನು ಸೇರಿಸಿ ಓದಿದರೆ ಯಾರಿಗೆ ತಿಳಿಯುತ್ತದೆ? ನನ್ನ ದನಿ ತಡವರಿಸಿತು.

"ಇಲ್ದಿದ್ದು ಓದಬ್ಯಾಡವ್ವಾ," ಎಂದರು ಕಣ್ಣು ತೆರೆಯದೆಯೇ. "ಪಾಪ, ನಾಯಿ ಕಾಲು ವಾಸಿ ಆತಂತಲ್ಲ."

ನಾನು ಪತ್ರವನ್ನು ಮಡಿಸಿಟ್ಟೆ. ಅತ್ತೆ ಅಂಗಡಿಯ ಹಿಂದಿನ ಮನೆಯಿಂದ ಕಾಫಿ ತಂದಿಟ್ಟರು. ಮಾವ ಲೋಟವನ್ನು ಪಕ್ಕಕ್ಕೆ ಸರಿಸಿ, "ಒಂದು ಬಿಳೇ ಹಾಳಿ ಕೊಡು" ಎಂದರು. ಇಂಗ್ಲಿಷಿನಲ್ಲಿ ಬರೆಯಲು ಹೇಳುತ್ತಾರೆಂದು ನಾನು ಪೆನ್ನು ತೆಗೆದೆ. ಅವರು ಪೆನ್ನನ್ನೂ ಇಸಿದುಕೊಂಡು ತಾವೇ ಕನ್ನಡದಲ್ಲಿ ಬರೆಯತೊಡಗಿದರು: ಊರ ಹೆಸರು, ಅಣ್ಣನ ಹೆಸರು, ಹಿಡಿದುಕೊಂಡು ಹೋದ ದಿನ ಮನೆಯಲ್ಲಿ ಏನಡಿಗೆಯಾಗಿತ್ತು, ಅವ್ವ ಯಾವ ಬಾಗಿಲಲ್ಲಿ ನಿಂತಿದ್ದಳು.

ಆಲ್ಬಮ್ಮಿನಲ್ಲಿ ಆ ಹಾಳೆ ನಾಯಿಯ ಪತ್ರದ ಎದುರಿಗಿದೆ. ಇಷ್ಟು ವರ್ಷ ನಾನು ಆಲ್ಬಮ್ ತೆರೆದರೆ ಸೀದಾ ಸಾಹೇಬರುಗಳ ಹ್ಯಾಂಡ್‌ರೈಟಿಂಗಿಗೆ ಹೋಗುತ್ತಿದ್ದೆ. ಕಾನ್ವೆಂಟಿನ ಚಾಳಿ, ಎಲ್ಲಿ ಹೋಗುತ್ತದೆ! ಮೊನ್ನೆ ಮಾತ್ರ ಮಾವನ ದುಂಡು ಅಕ್ಷರಗಳನ್ನು ಗಟ್ಟಿಯಾಗಿ ಓದಿದೆ, ಅವರಿಗೆ ಸಾಹೇಬರ ಪತ್ರಗಳನ್ನು ಓದಿ ಹೇಳುತ್ತಿದ್ದ ಹಾಗೆಯೇ.

ಮಾವ ಅದನ್ನು ಬರೆದ ದಿನ ಸೊರಬದ ಬಸ್ಸಿಗೆ ಹೊತ್ತಾಯಿತೆಂದು ಎದ್ದು, ಹೊಸ್ತಿಲಲ್ಲಿ ತಿರುಗಿ ನೋಡಿದ್ದೆ. ಮಾವ ಸಹಿ ಹಾಕಿ ಮುಗಿಸಿದ್ದರು. ಅತ್ತೆ ವಿಭೂತಿಯ ಬಟ್ಟಲು ಹಿಡಿದು, ಒದ್ದೆ ಬೆರಳು ಮುಂದೆ ಮಾಡಿಕೊಂಡು ನಿಂತಿದ್ದರು.

"ತಡಿಯೇ ಮಾರಾಯ್ತಿ, ಶಾಯಿ ಆರ್ಲಿ," ಎಂದು ಹಾಳೆಯ ಮೇಲೆ ಬಾಗಿ ಮೆಲ್ಲಗೆ ಊದುತ್ತಿದ್ದರು ಮಾವ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ.