ಜೈಲಿನ ಗೇಟಿನಲ್ಲಿ ಗುರೆಳ್ಳು ಚಟ್ನಿ

ಮೊನ್ನೆ ಮಾಟುಂಗದ ಅಂಗಡಿಯೊಂದರಲ್ಲಿ ಕಾಫಿಪುಡಿಗೆ ಕಾಯುತ್ತ ನಿಂತಿದ್ದೆ. ಅಂಗಡಿಯವರು ಡಬ್ಬದಿಂದ ಗುರೆಳ್ಳು ಚಟ್ನಿಪುಡಿಯನ್ನು ಪೊಟ್ಟಣಕ್ಕೆ ತುಂಬುತ್ತಿದ್ದರು. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ... ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಕೈಚಾಚಿ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟೆ. ಅಂಗಡಿಯವರು ಬೆಪ್ಪಾಗಿ ನೋಡಿದರು. ಆ ಪುಡಿ ಕಂಡರೆ ಮೊದಲು ನಾನೇ ತಿಂದು ತೋರಿಸಬೇಕು ಎನ್ನುವ ಅಭ್ಯಾಸ ನನಗೆ ಜೈಲಿನ ಗೇಟಿನಲ್ಲಿ ಅಂಟಿದ್ದು ಅಂತ ಅವರಿಗೆ ಹೇಗೆ ಹೇಳುವುದು?

ಎಂಬತ್ತರ ದಶಕದಲ್ಲಿ ನಾವು ಮಲಾಡ್‌ನ ಒಂದು ಚಾಳಿನಲ್ಲಿದ್ದೆವು. ಪಕ್ಕದ ಖೋಲಿಯಲ್ಲಿ ಧಾರವಾಡದ ವಕೀಲರೊಬ್ಬರಿದ್ದರು. ಹೆಂಡತಿ ತೀರಿಕೊಂಡಿದ್ದರಿಂದ ರಾತ್ರಿಯ ಊಟ ನಮ್ಮಲ್ಲೇ. ನನ್ನನ್ನು ತಮ್ಮ ಊರಿನ ರೂಢಿಯಂತೆ 'ವೈನಿ' ಎನ್ನುತ್ತಿದ್ದರು, ಅಂದರೆ ಅತ್ತಿಗೆ. ಗುರೆಳ್ಳು ಚಟ್ನಿ ಮಾಡುವುದನ್ನು ಮೈಸೂರಿನವಳಾದ ನನಗೆ ಹೇಳಿಕೊಟ್ಟವರೂ ಅವರೇ. ನಾನು ಅದಕ್ಕೊಂದು ಚೂರು ಬೆಲ್ಲ ಹಾಕಿದರೆ, "ಇದು ಚಟ್ನಿ ಅಲ್ರೀ, ಪ್ರಸಾದ" ಎಂದು ಕಾಡುತ್ತಿದ್ದರು. ಬೈದುಕೊಂಡೇ ತಟ್ಟೆ ಖಾಲಿ ಮಾಡುತ್ತಿದ್ದರು.

ಪೊಲೀಸರು ಸುಮ್ಮಸುಮ್ಮನೆ ಎಳೆದೊಯ್ದ ಬಡವರನ್ನು ಬಿಡಿಸಿಕೊಂಡು ಬರುವುದೇ ಅವರ ವಕೀಲಿ. ನಮ್ಮ ಚಾಳಿನ ಕೇಸೂ ಅವರ ಕೈಯಲ್ಲೇ ಇತ್ತು. ಕಟ್ಟಡ ಅಪಾಯದಲ್ಲಿದೆ, ಖಾಲಿ ಮಾಡಿ ಎಂದು ಮಾಲೀಕ ನಗರಪಾಲಿಕೆಯ ಅಧಿಕಾರಿಗಳಿಂದ ನೋಟಿಸು ಹುಟ್ಟಿಸಿಕೊಂಡು ಬಂದಿದ್ದ. ವಕೀಲರು ಅದಕ್ಕೆ ಕೋರ್ಟಿನಿಂದ ತಡೆ ತಂದಿದ್ದರು. ದೀಪಾವಳಿ ಕಳೆದ ಮೇಲೆ ಕೊನೆಯ ವಿಚಾರಣೆ. ಅವರಿದ್ದಾರಲ್ಲ ಎಂದು ನಾವೆಲ್ಲ ನಿಶ್ಚಿಂತೆಯಿಂದಿದ್ದೆವು.

ಆಗಲೇ ಅವರು ಆ ಕೆಲಸ ಮಾಡಿಕೊಂಡದ್ದು. ನಗರಪಾಲಿಕೆಯ ಚುನಾವಣೆಯನ್ನು ಮುಂದಕ್ಕೆ ಹಾಕುತ್ತಲೇ ಹೋಗುತ್ತಿದ್ದರು, ಆರಿಸಿ ಬಂದವರಿಲ್ಲದೆ ಅಧಿಕಾರಿಗಳೇ ಊರು ನಡೆಸುತ್ತಿದ್ದರು. ಚುನಾವಣೆ ನಡೆಸಿ ಎಂದು ವಕೀಲರು ಸ್ಟೇಷನ್ ಪಕ್ಕದ ಮೈದಾನದಲ್ಲಿ ಪರವಾನಗಿ ಇಲ್ಲದೆ ಸಭೆ ಮಾಡಿದರು. ಪೊಲೀಸರು ಎಲ್ಲರನ್ನೂ ವ್ಯಾನಿಗೆ ತುಂಬಿದರು. ಇನ್ನು ಮುಂದೆ ಶಾಂತಿ ಕಾಪಾಡುತ್ತೇನೆ ಎಂಬ ಬಾಂಡಿಗೆ ಸಹಿ ಹಾಕಿ ಉಳಿದವರೆಲ್ಲ ಮನೆಗೆ ಬಂದರು. ಇವರೊಬ್ಬರು ಹಾಕಲಿಲ್ಲ. ಶಾಂತಿ ಕೆಡಿಸಿದವನು ತಾನೇ ಕಾಪಾಡುತ್ತೇನೆ ಅನ್ನಬೇಕು, ನಾನೇನು ಕೆಡಿಸಿದ್ದೇನೆ ಎಂದು ಹಟ ಹಿಡಿದರು. ಆ ಹಟಕ್ಕೆ ಜೈಲಾಯಿತು.

ಡಬ್ಬಿ ಒಯ್ಯುವ ಕೆಲಸ ನನ್ನ ತಲೆಗೆ ಬಂತು. ಲೋಕಲ್‌ನಲ್ಲಿ ಆ ನೂಕುನುಗ್ಗಲಲ್ಲಿ ರೊಟ್ಟಿಯ ಡಬ್ಬಿಯನ್ನು ಎದೆಗವಚಿಕೊಂಡು ಹೋಗುತ್ತಿದ್ದೆ. ಗೇಟಿನ ಪೇದೆ ರೊಟ್ಟಿಯನ್ನೆಲ್ಲ ಹರಿದು ನೋಡುತ್ತಿದ್ದ. ಕಪ್ಪು ಚಟ್ನಿಪುಡಿ ಕಂಡರಂತೂ ಅವನಿಗೆ ಸಿಡಿಮದ್ದಿನ ಪುಡಿಯೇ ಕಂಡಂತೆ.

"ಯೆ ಕಾಲಾ ಪೌಡರ್ ಕ್ಯಾ ಹೈ, ಬಾಯಿ? ಖಾ ಕೆ ದಿಖಾವ್."

ತಿಂದು ತೋರಿಸುತ್ತಿದ್ದೆ. ಖಾರ ನೆತ್ತಿಗೇರಿ ಕೆಮ್ಮು ಬಂದು ಕಣ್ಣಲ್ಲಿ ನೀರಾಡಿದ ಮೇಲೆ ಅವನಿಗೆ ನಂಬಿಕೆ. ಹೋದ ಸಲ ತಿಂದದ್ದು ಈ ಸಲಕ್ಕೆ ಲೆಕ್ಕವಿಲ್ಲ. ಒಳಗೆ ಕೂತವರ ಹಟಕ್ಕೆ ಹೊರಗೆ ನಾನು ಖಾರ ತಿನ್ನಬೇಕು! ಸಿಟ್ಟು ಬರದೆ ಇರುತ್ತದೆಯೇ?

ವಿಚಾರಣೆ ಹತ್ತಿರ ಬಂದಾಗ ಚಾಳಿನವರ ಧಾಟಿ ಬದಲಾಯಿತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ವಕೀಲರನ್ನು ನಮ್ಮ ಜನವೇ ಆಡಿಕೊಂಡರು. ಹೇಗಾದರೂ ಸಹಿ ಹಾಕಿಸಿಕೊಂಡು ಬಾ ಎಂದು ಎಲ್ಲರೂ ಸೇರಿ ನನ್ನನ್ನು ಕಳಿಸಿದರು. ಜೈಲಿನ ಭೇಟಿಕೋಣೆಯ ತಂತಿ ಜಾಳಿಗೆಯ ಆಚೆ ವಕೀಲರು ಸೊರಗಿ ನಿಂತಿದ್ದರು. ಮರುಕವಾಯಿತು, ಆದರೂ ಬಿಡಲಿಲ್ಲ.

"ಹಾವೂ ಸಾಯಬೇಕು, ಕೋಲೂ ಮುರೀಬಾರದು. ಒಂದು ಸಹಿ ತಾನೇ? ಮೊದಲು ಮನೆ ಉಳಿಸಿಕೊಡಿ, ಚುನಾವಣೆ ಆಮೇಲೆ ನೋಡೋಣ" ಅಂದೆ.

"ವೈನಿ, ಕೋಲು ಅವರ ಕೈಯಾಗ ಕೊಟ್ಟು ಹಾವು ಹೊಡೀರಿ ಅಂದ್ರ ಹೆಂಗ್ರೀ? ನಾವು ಆರಿಸಿದಾಂವ ಒಬ್ಬ ಅಲ್ಲಿ ಕುಂತಿದ್ರ ಈ ನೋಟಿಸು ಬರ್ತಿತ್ತೇನು? ಮನಿ ಹೊಂಟಿದ್ದೇ ಓಟು ಇಲ್ಲದ್ದಕ್ಕ."

ಸಿಟ್ಟು ಇಮ್ಮಡಿಯಾಯಿತು. ಖಾಲಿ ಡಬ್ಬಿಯನ್ನು ಕುಕ್ಕಿ ಚೀಲಕ್ಕೆ ಹಾಕಿಕೊಂಡು ಬಂದೆ.

ವಿಚಾರಣೆಯ ದಿನ ಅವರ ಜೂನಿಯರ್ ಒಬ್ಬ ನಿಂತು ಇನ್ನೊಂದು ತಾರೀಖು ಕೊಡಿ ಎಂದು ಬೇಡಿಕೊಂಡ. ಕೊಡಲಿಲ್ಲ. ತಡೆ ಹೋಯಿತು. ಮುಂದಿನ ಮಳೆಗಾಲದೊಳಗೆ ಚಾಳು ನೆಲಸಮವಾಗಿ, ಜನ ದಿಕ್ಕಿಗೊಬ್ಬರಾದರು. ನಾವು ಪವಾಯಿಯ ಕಡೆ ಬಾಡಿಗೆಗೆ ಹೋದೆವು.

ಬಿಡುಗಡೆಯಾದ ವಕೀಲರು ಹುಡುಕಿಕೊಂಡು ಅಲ್ಲಿಗೇ ಬಂದರು. ಅವರ ಖೋಲಿಯೂ ಹೋಗಿತ್ತಲ್ಲ. ತಪ್ಪಾಯಿತು ಎಂದು ಒಂದು ಮಾತಾದರೂ ಆಡುತ್ತಾರೆ ಎಂದು ಬಡಿಸುತ್ತ ಕಾದೆ. "ಮತ್ತ ಬೆಲ್ಲ ಹಾಕೀರಲ್ಲ" ಅಂದರು, ಅಷ್ಟೇ...

ಕೊನೆಗೂ ಚುನಾವಣೆ ಬಂತು. ನಮ್ಮ ಹೆಸರು ಇನ್ನೂ ಹಳೆಯ ವಿಳಾಸದಲ್ಲೇ ಇರುತ್ತದೆ ಎಂದು ವಕೀಲರು ತಮ್ಮ ಹೊಸ ಖೋಲಿಯಿಂದ ಬೆಳಿಗ್ಗೆಯೇ ಬಂದು ನನ್ನನ್ನು ಮಲಾಡ್‌ಗೆ ಹೊರಡಿಸಿದರು. ಇಸ್ತ್ರಿ ಮಾಡಿದ ಅಂಗಿ, ಮದುವೆಗೆ ಹೊರಟ ಉತ್ಸಾಹ. ಬೂತಿನಲ್ಲಿ ಪಟ್ಟಿ ತಿರುವಿದವರು ತಲೆಯಾಡಿಸಿದರು. ಕಟ್ಟಡವೇ ಇಲ್ಲವಾದ್ದರಿಂದ ಆ ಚಾಳಿನ ಹೆಸರುಗಳನ್ನೆಲ್ಲ ತೆಗೆದುಹಾಕಿದ್ದರು. ನನ್ನದಿಲ್ಲ, ಅವರದೂ ಇಲ್ಲ. ಕೋರ್ಟಿನಲ್ಲಿ ಗುಡುಗುತ್ತಿದ್ದವರು ಪಟ್ಟಿಯನ್ನು ತಾವೇ ಇನ್ನೊಮ್ಮೆ ತಿರುವಿ ನೋಡಿದರು. "ನಡೀರಿ ವೈನಿ" ಎಂದು ಹೊರಗೆ ಬಂದರು. ಯಾವ ಓಟಿಗಾಗಿ ನಮ್ಮೆಲ್ಲರ ಸೂರನ್ನೂ ಪಣಕ್ಕಿಟ್ಟರೋ ಅದು ಅವರ ಬೆರಳಿಗೂ ಶಾಯಿ ಹಚ್ಚಲಿಲ್ಲ. ವಾಪಸು ಬರುವಾಗ ಲೋಕಲ್‌ನಲ್ಲಿ ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಆಮೇಲೆ ಅವರು ಧಾರವಾಡಕ್ಕೆ, ತಮ್ಮನ ಮನೆಗೆ ಹೋದರು. ಕೆಲವು ವರ್ಷಕ್ಕೆ ತೀರಿಕೊಂಡರಂತೆ. ಸುದ್ದಿ ನಮ್ಮನ್ನು ಮುಟ್ಟುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಈಗ ಮತ್ತೆ ನಗರದ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇದೆ. ಗಟಾರ ಕಟ್ಟಿದರೆ ದೂರು ಹೇಳಲು ಆರಿಸಿ ಬಂದವರು ಯಾರೂ ಇಲ್ಲ. ಹೋದ ವಾರ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು, ಇದನ್ನು ಯಾರಾದರೂ ಕೇಳಬೇಡವೇ ಎಂದೆ. "ಆಂಟಿ, ಪೆಹಲೆ ಪಾರ್ಕಿಂಗ್ ಕಾ ದೇಖತೇ ಹೈ, ಇಲೆಕ್ಷನ್ ಬಾದ್ ಮೇ" ಎಂದು ಸೆಕ್ರೆಟರಿ ನಯವಾಗಿ ಕೂರಿಸಿದ. ಮೈಯೆಲ್ಲ ಉರಿದುಹೋಯಿತು. ಮೊದಲು ಪಾರ್ಕಿಂಗ್, ಚುನಾವಣೆ ಆಮೇಲೆ! ಅದು ಅಂದು ಜಾಳಿಗೆಯ ಈಚೆ ನಿಂತು ನಾನೇ ಆಡಿದ ಮಾತು...

ಅಂಗಡಿಯವರು ನೀರು ಕೊಟ್ಟು, "ಖಾರ ಜಾಸ್ತಿ ಆಯ್ತಾ ಅಮ್ಮ?" ಎಂದರು. ಇಲ್ಲವೆಂದೆ. ಮನೆಯಲ್ಲಿ ಯಾರೂ ತಿನ್ನದ ಆ ಚಟ್ನಿಯ ಪೊಟ್ಟಣ ಒಂದನ್ನು ಕೊಂಡು ಸ್ಟೇಷನ್ ಕಡೆ ನಡೆದೆ. ಅವರು ಸಹಿ ಹಾಕಬೇಕಿತ್ತು. ಈಗಲೂ ನಾನು ಹಾಗೇ ಹೇಳುತ್ತೇನೆ. ಆದರೆ ಇಲ್ಲ ವೈನಿ ಎಂದು ವಾದಕ್ಕೆ ನಿಲ್ಲುವವರೇ ಇಲ್ಲದ ಮೇಲೆ, ಜಗಳವನ್ನಾದರೂ ಯಾರ ಹತ್ತಿರ ಆಡುವುದು?