ಮದ್ದಿನ ಪೆಟ್ಟಿಗೆಯ ಕೀಲಿ

ಎಪ್ಪತ್ತರ ದಶಕದಲ್ಲಿ ಕಲಘಟಗಿ ಕಡೆ ಹಳ್ಳಕ್ಕೆ ಸೇತುವೆ ಕಟ್ಟಿಸುವ ಮೇಸ್ತ್ರಿಯಾಗಿದ್ದೆ. ಬಂಡೆ ಒಡೆಯುವ ಮದ್ದಿನ ಪೆಟ್ಟಿಗೆಯ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ಅಲ್ಲಿ ನನಗೆ ಮೀಸೆ ಮೀನು ಹಿಡಿಯಲು ಕಲಿಸಿದವನು ಮುದುಕ ಫಕೀರಪ್ಪ. ಚಳಿಗಾಲದಲ್ಲಿ ಹರಿಯುವ ನೀರಿಗೆ ಗಾಳ, ಬೇಸಿಗೆಯಲ್ಲಿ ಮಡುವಿಗೆ. ಮಳೆಗಾಲ ಹಿಡಿದರೆ ಮಾತ್ರ ಗಾಳ ಸುತ್ತಿಡುತ್ತಿದ್ದ. "ಈಗ ಬಸರ ಇರ್ತಾವ್ರಿ, ಹಿಡೀಬಾರ್ದು," ಅನ್ನುತ್ತಿದ್ದ.

ಒಮ್ಮೆ ಮೊದಲ ಮಳೆಗೇ ನಮ್ಮ ಇಂಜಿನಿಯರ್ ಸಾಹೇಬರಿಗೆ ಮೀನೂಟದ ಆಸೆಯಾಯಿತು. ಕೀಲಿ ಕೇಳಿದರು, ಕೊಟ್ಟೆ. ಮಡುವಿನಲ್ಲಿ ಮದ್ದು ಸಿಡಿದು ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು.

ಫಕೀರಪ್ಪ ಬಂದು ಒಂದೊಂದರ ಹೊಟ್ಟೆ ಒತ್ತಿ ನೋಡಿದ. ತತ್ತಿ ಇದ್ದವನ್ನು, ಇನ್ನೂ ಬದುಕಿವೆಯೇನೋ ಎಂಬಂತೆ, ಮತ್ತೆ ನೀರಿಗೆ ಬಿಟ್ಟ. ಅವು ಸುಮ್ಮನೆ ತೇಲುತ್ತ ಹೋದವು.

"ಕೀಲಿ ನಿಮ್ಮ ಕಡೇನ ಇರತೈತಲ್ರಿ, ಮೇಸ್ತ್ರಿ?" ಅಂದ.

ಸೇತುವೆ ಈಗಲೂ ಗಟ್ಟಿಯಾಗಿದೆ. ಅದರ ಮೇಲೆ ನಿಂತು ಕೆಳಗೆ ಮಡುವಿನಲ್ಲಿ ನೋಡಲು ಮಾತ್ರ ಒಂದು ಮೀನೂ ಉಳಿದಿಲ್ಲ.