ಮಳವಳ್ಳಿಯಲ್ಲಿ ಯಾರೂ ಕೇಳದ ಟೈಮ್‌ಔಟ್

ಮಂಡ್ಯದಲ್ಲಿ ಬಸ್ ಹತ್ತಿದಾಗ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಚೀಲದಲ್ಲಿ ಬೂದು ಅಂಗಿ, ಕಪ್ಪು ಪ್ಯಾಂಟು, ಸೀಟಿ ಇದ್ದವು. ಮಳವಳ್ಳಿಯಲ್ಲಿ ಆ ದಿನ ನಡೆಯುವ ಜೂನಿಯರ್ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಫೈನಲ್‌ಗೆ ನಾನು ಎರಡನೇ ಅಂಪೈರ್. ಅಲ್ಲಿಯವರೆಗೆ ವಿಶ್ವವಿದ್ಯಾಲಯದ ಪಂದ್ಯಗಳನ್ನಷ್ಟೇ ನಡೆಸಿದ್ದೆ.

ಮದ್ದೂರಿನಲ್ಲಿ ಇಳಿದು ಮುಖ್ಯ ರೆಫರಿ ಶಿವಣ್ಣ ಮೇಷ್ಟ್ರನ್ನು ಸೇರಿಕೊಳ್ಳಬೇಕಿತ್ತು. ನಿವೃತ್ತರಾಗುವವರೆಗೂ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂತು ನನಗೂ ಒಂದು ವಡೆ ಹೇಳಿಟ್ಟಿದ್ದರು. ವಡೆ ಆರಿತ್ತು, ಆದರೂ ಅಂಚು ಗರಿಗರಿಯಾಗಿಯೇ ಇತ್ತು. ಮಳವಳ್ಳಿ ಬಸ್ಸಿನಲ್ಲಿ ಅವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಕೆ.ಎಂ. ದೊಡ್ಡಿ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ತೆವಳತೊಡಗಿದಾಗ ಮಾತು ಟೈಮ್‌ಔಟಿನ, ಅಂದರೆ ತಂಡ ಕೇಳಿ ಪಡೆಯುವ ಒಂದು ನಿಮಿಷದ ಬಿಡುವಿನ, ಕಡೆಗೆ ತಿರುಗಿತು. ನಾನು ಕಲಿತದ್ದು ಅಂತರರಾಷ್ಟ್ರೀಯ ನಿಯಮ: ಮೊದಲರ್ಧದಲ್ಲಿ ಎರಡು, ಎರಡನೆಯ ಅರ್ಧದಲ್ಲಿ ಮೂರು. ಕೊನೆಯ ಎರಡು ನಿಮಿಷಕ್ಕೆ ಮೂರನ್ನೂ ಉಳಿಸಿಟ್ಟುಕೊಳ್ಳುವಂತಿಲ್ಲ, ಹೆಚ್ಚೆಂದರೆ ಎರಡು. ಕೋಚ್ ಮಾತ್ರ ಕೇಳಬಹುದು. ಟಿ.ವಿ.ಯಲ್ಲಿ ಕಾಣುವ ಅಮೆರಿಕದ ವೃತ್ತಿಪರ ಆಟದಲ್ಲಾದರೆ ಏಳು, ಆಟಗಾರರೂ ಕೇಳಬಹುದು. ಮೇಷ್ಟ್ರು ತಮ್ಮ ಸ್ಕೂಲ್ ಪಂದ್ಯಗಳ ಪದ್ಧತಿ ಹೇಳಿದರು. ಅರ್ಧಕ್ಕೊಂದೇ ಟೈಮ್‌ಔಟ್. ಬಿಸಿಯೂಟದ ಹೊತ್ತಿಗೆ ಆಟ ಮುಗಿಯಬೇಕಾದ್ದರಿಂದ ಗಡಿಯಾರ ಸುಮ್ಮನೆ ನಿಲ್ಲುವಂತಿರಲಿಲ್ಲ. ಲೇಸ್ ಬಿಚ್ಚಿಹೋಗಲಿ, ಅಂಗಳಕ್ಕೆ ಹಸು ನುಗ್ಗಲಿ, ಆಟ ನಿಂತರೆ ಅದು ಒಂದು ತಂಡದ ಲೆಕ್ಕಕ್ಕೆ ಹೋಗಲೇಬೇಕು.

"ಹಸು ಬಂದ್ರೆ ಯಾವ ತಂಡಕ್ಕೆ ಸಾರ್?" ಎಂದೆ.

"ಯಾರತ್ರ ಉಳಿದಿರ್ತದೋ ಅವ್ರಿಗೆ ಕಣಮ್ಮ. ಇಲ್ದಿದ್ದೋರ್ಗೆ ಎಲ್ಲಿಂದ ಹಾಕಾದು?"

ಇಬ್ಬರೂ ನಕ್ಕೆವು.

ಮಳವಳ್ಳಿಯಲ್ಲಿ ಬಿಸಿಲು ಏರಿತ್ತು. ಸಿಮೆಂಟಿನ ಅಂಗಳ, ಒಂದು ಬದಿಗೆ ಶಾಮಿಯಾನ, ವೇದಿಕೆಯ ಮೇಲೆ ಬಟ್ಟೆ ಹೊದಿಸಿದ ಕುರ್ಚಿಗಳು. ಮಂಡ್ಯದ ಕ್ಲಬ್ಬೊಂದರ ಎದುರು ಶಿವನಸಮುದ್ರದ ಹುಡುಗಿಯರ ತಂಡ. ಅವರ ಕೋಚ್ ಮಾದೇಶ ಪವರ್‌ಹೌಸ್‌ನಲ್ಲಿ ಕೆಲಸ ಮಾಡುವವರು, ಕೆಲಸ ಮುಗಿದ ಮೇಲೆ ಆಟ ಕಲಿಸುತ್ತಿದ್ದರಂತೆ. ಗೆದ್ದ ತಂಡದ ಐವರು ನೇರವಾಗಿ ಜಿಲ್ಲಾ ತಂಡಕ್ಕೆ ಹೋಗುತ್ತಾರೆ ಎಂದು ಸಂಘಟಕರು ಘೋಷಿಸಿದ್ದರು. ಶೂ ಕಟ್ಟಿಕೊಳ್ಳುತ್ತಿದ್ದ ಶಿವನಸಮುದ್ರದ ಕ್ಯಾಪ್ಟನ್ ಪವಿತ್ರಳಿಗೆ ಮುಂದೆ ಏನು ಓದುತ್ತೀ ಎಂದು ಕೇಳಿದೆ. ಪಿ.ಟಿ. ಟೀಚರ್ ಆಗಬೇಕು, ಅಂಕ ಕಡಿಮೆ, ಜಿಲ್ಲಾ ತಂಡದ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಸೀಟು ಸಿಗುತ್ತದೆ ಎಂದಳು. ಆಡುವ ವಯಸ್ಸಿನ ಮಿತಿ ಅವಳಿಗೆ ಈ ವರ್ಷಕ್ಕೆ ಮುಗಿಯುತ್ತಿತ್ತು.

ಮಾದೇಶ ನಿಯಮ ಓದಿಕೊಂಡು ಬಂದಿದ್ದರು. ಹುಡುಗಿಯರು ಹಿಂದೆ ಬಿದ್ದಾಗಲೂ ಕೊನೆಯ ಟೈಮ್‌ಔಟನ್ನು ಮುಟ್ಟಲಿಲ್ಲ. ಕೊನೆಯ ಎರಡು ನಿಮಿಷದಲ್ಲಿ ಚೆಂಡು ತಮ್ಮದಾಗಿದ್ದಾಗ ಟೈಮ್‌ಔಟ್ ತೆಗೆದುಕೊಂಡರೆ, ತಮ್ಮ ಬುಟ್ಟಿಯ ಹಿಂದಿನಿಂದ ಎಸೆಯುವ ಬದಲು ಎದುರಾಳಿಯ ಅರ್ಧದಿಂದಲೇ ಆಟ ಶುರುಮಾಡಬಹುದು. ಸ್ಕೂಲ್ ಪಂದ್ಯಗಳಲ್ಲಿ ಈ ಅನುಕೂಲ ಯಾರಿಗೂ ಗೊತ್ತಿರಲಿಲ್ಲ.

ಒಂದು ನಿಮಿಷದಷ್ಟು ಆಟ ಉಳಿದಿದ್ದಾಗ ಶಿವನಸಮುದ್ರ ಒಂದು ಪಾಯಿಂಟ್ ಮುಂದಿತ್ತು. ಮಂಡ್ಯದವರ ಟೈಮ್‌ಔಟ್‌ಗಳೆಲ್ಲ ಮುಗಿದಿದ್ದವು, ಆಟಗಾರ್ತಿಯರು ಮಂಡಿ ಹಿಡಿದು ಏದುಸಿರು ಬಿಡುತ್ತಿದ್ದರು. ಚೆಂಡು ಗೆರೆ ದಾಟಿತು. ಅದೇ ಹೊತ್ತಿಗೆ ಮೈಕಿನಲ್ಲಿ ಮುಖ್ಯ ಅತಿಥಿಗಳು ಆಗಮಿಸಿದ್ದಾರೆ, ಆಟ ನಿಲ್ಲಿಸಬೇಕು ಎಂಬ ಕೂಗು ಬಂತು. ಶಿವಣ್ಣ ಮೇಷ್ಟ್ರು ಸೀಟಿ ಊದಿ, ಸ್ಕೋರರ್ ಟೇಬಲ್ ಹತ್ತಿರ ಹೋಗಿ, ಶಿವನಸಮುದ್ರದ ಲೆಕ್ಕಕ್ಕೆ ಒಂದು ಟೈಮ್‌ಔಟ್ ಹಾಕಿ ಎಂದರು.

ನಾನು ಓಡಿಹೋದೆ. "ಇದು ನಾವು ನಿಲ್ಲಿಸಿದ ಆಟ ಸಾರ್. ಯಾರ ಲೆಕ್ಕಕ್ಕೂ ಬೇಡ."

"ಗಡಿಯಾರ ನಿಂತದೆ. ಯಾರ್ದಾದ್ರೂ ಇರ್ಬೇಕಲ್ಲಮ್ಮ. ಅವ್ರತ್ರ ಒಂದು ಉಳಿದದೆ."

ಮಾದೇಶ ಬಂದು ತಾವು ಕೇಳಿಯೇ ಇಲ್ಲ ಎಂದರು. ಸಂಘಟಕರೊಬ್ಬರು ಅವರ ಹೆಗಲ ಮೇಲೆ ಕೈಯಿಟ್ಟು, ದೊಡ್ಡವರು ಬಂದಿದ್ದಾರೆ, ಈಗ ಗಲಾಟೆ ಬೇಡ ಎಂದು ಬೆಂಚಿಗೆ ಕಳಿಸಿದರು. ಒಂದು ನಿಮಿಷದ ಟೈಮ್‌ಔಟ್ ಹಾರ, ಪೇಟ, ಭಾಷಣ ಎಲ್ಲ ಮುಗಿಯುವವರೆಗೂ ನಡೆಯಿತು. ಮಂಡ್ಯದ ಹುಡುಗಿಯರು ನೀರು ಕುಡಿದು ಕಾಲು ಚಾಚಿ ಕೂತರು. ಅಂಪೈರುಗಳಿಗೂ ಸನ್ಮಾನವಿತ್ತು. ನನ್ನ ಹೆಗಲ ಮೇಲೂ ಒಂದು ಶಾಲು ಬಿತ್ತು.

ಆಟ ಮತ್ತೆ ಶುರುವಾಯಿತು. ಮುಗಿಯಲು ನಾಲ್ಕು ಸೆಕೆಂಡ್ ಇದ್ದಾಗ ಮಂಡ್ಯದವರು ಬುಟ್ಟಿಗೆ ಹಾಕಿ ಒಂದು ಪಾಯಿಂಟ್ ಮುಂದಾದರು. ಮಾದೇಶ ಟೇಬಲ್‌ಗೆ ಧಾವಿಸಿ ಕೈಗಳಿಂದ ಟೈಮ್‌ಔಟ್ ಸನ್ನೆ ಮಾಡಿದರು. ಉಳಿದಿಲ್ಲ ಎಂದು ಟೇಬಲ್ಲಿನವರು ತಲೆಯಾಡಿಸಿದರು. ಚೆಂಡಿನ ಹತ್ತಿರ ಇದ್ದವಳು ನಾನು, ಪವಿತ್ರಳಿಗೆ ಹೇಳುವುದು ನನ್ನ ಪಾಲಿಗೆ ಬಂತು.

"ನಾವ್ಯಾವಾಗ ಕೇಳುದ್ವಿ ಮೇಡಂ?" ಎಂದಳು.

ಆಡು ಎಂದು ಚೆಂಡು ಕೊಟ್ಟೆ. ತನ್ನ ಬುಟ್ಟಿಯ ಹಿಂದಿನಿಂದ ಅಂಗಳದ ಆ ತುದಿಗೆ ಎಸೆದಳು. ಚೆಂಡು ಅರ್ಧ ದಾರಿಯಲ್ಲಿ ಮಂಡ್ಯದವರ ಕೈ ಸೇರಿತು. ಅಷ್ಟಕ್ಕೆ ಆಟ ಮುಗಿಯಿತು.

ಊಟಕ್ಕೆ ಮುದ್ದೆ, ಬಾಡಿನ ಸಾರು ಮಾಡಿಸಿದ್ದರು. ನಾನು ಮೊಸರನ್ನ ಕೇಳಿ ಅದನ್ನೂ ಬಿಟ್ಟೆ. ನನಗೆ ಹೊದಿಸಿದ ಶಾಲನ್ನು ಮಡಿಸಿ ಸ್ಕೋರರ್ ಟೇಬಲ್ಲಿನ ಮೇಲಿಟ್ಟು ಬಂದೆ. ಬಸ್ ನಿಲ್ದಾಣದಲ್ಲಿ ಶಿವನಸಮುದ್ರದ ಹುಡುಗಿಯರು ಆಚೆ ಬದಿಯಲ್ಲಿ ನಿಂತಿದ್ದರು. ಪವಿತ್ರ ನಮ್ಮ ಬಸ್ಸಿನ ಕಡೆ ತಿರುಗಲಿಲ್ಲ.

ದಾರಿಯಲ್ಲಿ ಮೇಷ್ಟ್ರು ಶಾಲು ಹೊದ್ದು ನಿದ್ದೆ ಮಾಡಿದರು. ದೊಡ್ಡಿ ದಾಟಿದ ಮೇಲೆ ಎಚ್ಚರಾಗಿ, ನಾನು ಕೇಳದಿದ್ದರೂ, "ಬುಡಮ್ಮ, ಅತ್ಲಾಗೆ. ಒಂದು ಟೈಮ್‌ಔಟ್‌ಗೆ ಯಾರ ಬದುಕು ನಿಂತದೆ?" ಎಂದರು. ಮದ್ದೂರಿನಲ್ಲಿ ಇಳಿಯುವಾಗ ಬೆನ್ನು ತಟ್ಟಿದರು. "ಮುಂದಿನ್ ಸಲನೂ ನಿನ್ನೇ ಕರುಸ್ತೀನಿ. ರೂಲ್ಸು ಚೆನ್ನಾಗಿ ಗೊತ್ತದೆ ನಿಂಗೆ."

ಬಸ್ಸು ಮಂಡ್ಯದ ಕಡೆ ಹೊರಟಿತು. ಅವರ ಶಾಲು ಸೀಟಿನ ಮೇಲೆಯೇ ಉಳಿದಿತ್ತು. ಕಿಟಕಿಯಿಂದ ಕೂಗಿದ್ದರೆ ಕೇಳಿಸುವಷ್ಟು ಹತ್ತಿರದಲ್ಲಿ ಅವರು ರಸ್ತೆ ದಾಟುತ್ತಿದ್ದರು. ನಾನು ಕೂಗಲಿಲ್ಲ.